ಕೆಂಪು ಚೀಟಿ ಅಂಟಿಸಿದ ಡಬ್ಬಿ

ಶಾಲೆಯ ಕಚೇರಿಗೆ ಓಡಿಬಂದಿದ್ದ ಟೈಲರಮ್ಮ, ಮಗಳ ಊಟದ ಡಬ್ಬಿ ತೆರೆಯದಂತೆ ಶಾಲೆಯಲ್ಲಿ ಅಂಟಿಸಿದ್ದ ಕೆಂಪು ಚೀಟಿಯನ್ನು ನೂಲು ಕತ್ತರಿಸುವ ಕತ್ತರಿಯಿಂದ ಸೀಳಿದಳು. ಬೆಳಿಗ್ಗೆ ಹಾಕಿಕೊಟ್ಟಿದ್ದ ಬ್ರೆಡ್ಡು, ಹುರಿದ ಆಲೂಗಡ್ಡೆ ಹಾಗೇ ಇದ್ದವು.

"ಎಣ್ಣೆ ಜಾಸ್ತಿ ಇತ್ತಮ್ಮ. ಸರ್ಕಾರದ ನಿಯಮ, ಎತ್ತಿಡಲೇಬೇಕು," ಎಂದ ಡಬ್ಬಿ ತಪಾಸಣೆಯ ಅಧಿಕಾರಿ.

"ಬದಲಿಗೆ ಏನು ಕೊಟ್ರಿ ಸಾರ್?"

"ಕೊಡೋಕೆ ನಿಯಮ ಇಲ್ಲ. ಇಲ್ಲೊಂದು ಸಹಿ ಹಾಕಿ."

ಅವನು ತನ್ನ ಸಹಿ ಹಾಕಿ ಚಾಚಿದ ಫಾರಂ ಓದಿದಳು: 'ಮಧ್ಯಾಹ್ನ ಮಗು ತಲೆಸುತ್ತಿ ಬಿದ್ದಿದೆ. ಕಾರಣ: ಮನೆಯವರು ಸರಿಯಾಗಿ ಊಟ ಕೊಡುತ್ತಿಲ್ಲ.'

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಮಗು ಬಾಯಿಂದ ತುತ್ತು ಕಿತ್ಕೊಂಡೋರು ನೀವು, ಗೂಬೆ ಕೂರಿಸೋದು ನನ್ನ ಮೇಲಾ?"

ಬೆಂಚಿನ ಮೇಲೆ ಬಾಡಿ ಕೂತಿದ್ದ ಮಗಳ ಮುಂದೆ ಫಾರಂ ಹಾಸಿ, ಅದರ ಮೇಲೆ ಡಬ್ಬಿಯನ್ನು ಬೋರಲು ಹಾಕಿದಳು.

"ತಿನ್ನು ಕಂದ. ಸಾಹೇಬ್ರು ಕಣ್ತುಂಬ ನೋಡ್ಲಿ."

ಎಣ್ಣೆ ನಿಧಾನವಾಗಿ ಹರಡಿ ಅಧಿಕಾರಿಯ ಸಹಿಯನ್ನು ಮುಟ್ಟಿತು.