ಇನ್ನೂರ ಹನ್ನೆರಡನೇ ಪುಟ

ಹುಡುಗಿ ನೂರ ತೊಂಬತ್ತನೇ ಪುಟ ಮಗುಚಿ ಹಾಕಿದಾಗ ಚಿಕ್ಕಮ್ಮನ ಎದೆ ಧಸಕ್ಕೆಂದಿತು. ಅಯ್ಯೋ, ಇವಳ ಕೈಗೆ ಎಂಥದ್ದನ್ನು ಕೊಟ್ಟು ಕೂರಿಸಿಬಿಟ್ಟೆ! ಇನ್ನೂರ ಹನ್ನೆರಡನೇ ಪುಟದಲ್ಲಿ ಕಥಾನಾಯಕಿಯ ತಾಯಿ ಸಾಯುತ್ತಾಳೆ. ಇತ್ತ ಈ ಹುಡುಗಿಯ ತಾಯಿ, ಅಂದರೆ ತನ್ನ ಸ್ವಂತ ಅಕ್ಕ, ಎದುರಿನ ಬಾಗಿಲಾಚೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿ ಆಗಲೇ ಐದು ಗಂಟೆ ಹೊತ್ತಾಗಿತ್ತು. ಬದುಕುವುದು ಅರ್ಧಕ್ಕರ್ಧ ಎಂದು ಬೆಳಿಗ್ಗೆ ಡಾಕ್ಟರು ಚಿಕ್ಕಮ್ಮನೊಬ್ಬಳನ್ನೇ ಒಳಗೆ ಕರೆದು ಹೇಳಿ, ಅದನ್ನೇ ಬರೆದ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಅದರ ಪ್ರತಿಯನ್ನು ಮಡಚಿ ಚೀಲಕ್ಕೆ ಸೇರಿಸುತ್ತ ಅವಳು ಹುಡುಗಿಗೆ ಹೇಳಿದ್ದೇ ಬೇರೆ: "ಏನಿಲ್ಲ ಕಣೇ, ಬರೀ ಹೆಸರು, ವಯಸ್ಸು. ಸಣ್ಣ ಆಪರೇಷನ್. ಸಂಜೆಗೆ ಎದ್ದು ಕೂರ್ತಾಳೆ ನಿಮ್ಮಮ್ಮ."

ಪುಸ್ತಕ ಕೊಡದೆ ಬೇರೆ ದಾರಿಯಾದರೂ ಏನಿತ್ತು? ಹದಿಮೂರು ವರ್ಷದ ಈ ಹುಡುಗಿಗೆ ಮನೆಯಲ್ಲಿ ಗಿರಗಿಟ್ಟಲೆ ಅಂತಲೇ ಹೆಸರು. ಬೆಂಚಿನಿಂದ ಕಿಟಕಿಗೆ, ಕಿಟಕಿಯಿಂದ ನಲ್ಲಿಗೆ, ನಲ್ಲಿಯಿಂದ ಮತ್ತೆ ಆ ಬಾಗಿಲಿಗೆ ಸುತ್ತಿ ಸುತ್ತಿ ಕೂತವರ ತಲೆಯನ್ನೂ ಸುತ್ತಿಸಿದ್ದಳು. ನರ್ಸು ಎರಡು ಸಲ ಗದರಿದ ಮೇಲೆ ಚಿಕ್ಕಮ್ಮ ಸೋತು, ಚೀಲದಿಂದ ಹಾಳೆಗಳ ಕಟ್ಟು ತೆಗೆದಳು. ಪ್ರಕಾಶನವೊಂದಕ್ಕೆ ಕರಡು ತಿದ್ದುವ ಕೆಲಸ ಅವಳದು. ಹುಡುಗಿ ಮೂರು ಸಲ ಓದಿ ರಟ್ಟು ಕಿತ್ತುಹಾಕಿದ್ದ ಮಾಯಾಲೋಕದ ಕಾದಂಬರಿಯ ಎರಡನೇ ಭಾಗ, ಇನ್ನೂ ಅಂಗಡಿಯ ಮುಖ ಕಾಣದ್ದು, ಒಂದೇ ಮಗ್ಗುಲಿಗೆ ಅಚ್ಚಾದ ಬಿಡಿ ಹಾಳೆಗಳಲ್ಲಿ ಅಲ್ಲಿತ್ತು. ಹೊರಗಿನವರಿಗೆ ತೋರಿಸಬಾರದು ಎಂದು ಕಟ್ಟಪ್ಪಣೆ. ತೋರಿಸಿದಳು.

"ಎರಡನೇದಾ!" ಎಂದ ಹುಡುಗಿ ಆಮೇಲೆ ಜಾಗ ಬಿಟ್ಟು ಕದಲಿರಲಿಲ್ಲ. ನಾಯಕಿಯ ಅಮ್ಮ ಬೆಟ್ಟದ ಕಲ್ಲುಬಾಗಿಲೊಳಗೆ ಹೋದಳು, ಬಾಗಿಲು ಮುಚ್ಚಿಕೊಂಡಿತು. ಮೊದಲ ಭಾಗ ಅಲ್ಲಿಗೇ ಮುಗಿದಿತ್ತು. ಎಂಟು ತಿಂಗಳಿಂದ ಊಟಕ್ಕೆ ಕೂತರೂ ಇವಳ ಬಾಯಲ್ಲಿ ಆ ಬಾಗಿಲದ್ದೇ ಮಾತು. ಈಗ ಬೆಂಚಿನ ಕೆಳಗೆ ಒಂದು ಕಾಲು ಮಾತ್ರ ಹೊಲಿಗೆ ಮಿಷನ್ನಿನ ಹಾಗೆ ಒಂದೇ ಸಮನೆ ಕುಣಿಯುತ್ತಿತ್ತು.

ನೂರ ತೊಂಬತ್ತೇಳು. "ಬಾರೇ, ಒಂದು ಲೋಟ ಟೀ ಕುಡಿದು ಬರೋಣ."

"ನೀನು ಕುಡಿದು ಬಾ ಚಿಕ್ಕಮ್ಮ."

ಇನ್ನೂರ ಒಂದು. "ಕಣ್ಣು ಹಾಳು ಮಾಡ್ಕೋತೀಯ. ಸ್ವಲ್ಪ ಹೊತ್ತು ಬಿಟ್ಟು ಓದು."

"ಹೂಂ." ಹೂಂ ಅಂದವಳು ಅಂದ ಬಾಯಿ ಮುಚ್ಚುವುದರೊಳಗೆ ಇನ್ನೆರಡು ಹಾಳೆ ಮಗುಚಿದ್ದಳು. ಆಪರೇಷನ್ ಕೋಣೆಯ ಬಾಗಿಲನ್ನು ನೋಡಬೇಕೋ, ಪುಟದ ಅಂಕಿಯನ್ನು ನೋಡಬೇಕೋ? ಚಿಕ್ಕಮ್ಮನ ಕಣ್ಣು ಎರಡರ ನಡುವೆ ಓಡಾಡುತ್ತಿತ್ತು. ಮನೆಯಲ್ಲಿ ಇರುವುದೇ ಮೂರು ಜನ. ಅವರಲ್ಲಿ ಒಬ್ಬಳು ಒಳಗಿದ್ದಳು.

ಇನ್ನೂರ ಎಂಟರಲ್ಲಿ ಎದುರಿನ ಬಾಗಿಲು ತೆರೆಯಿತು. ಹುಡುಗಿ ಕಟ್ಟನ್ನು ಬೆಂಚಿನ ಮೇಲೆ ಬಿಸಾಕಿ ಒಂದೇ ನೆಗೆತಕ್ಕೆ ಅಲ್ಲಿದ್ದಳು. ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಹೊರಬಂದ ಆಳು, "ಇನ್ನೂ ಟೈಮಿದೆಯಮ್ಮ" ಎಂದು ಮುಂದೆ ಹೋದ. ಅಷ್ಟರಲ್ಲಿ ಚಿಕ್ಕಮ್ಮ ಇನ್ನೂರ ಹನ್ನೆರಡನ್ನು ಸರಕ್ಕನೆ ಎಳೆದು ಚೀಲಕ್ಕೆ ತುರುಕಿ, ಏನೂ ಅರಿಯದವಳಂತೆ ಕನ್ನಡಕ ಒರೆಸುತ್ತ ಕೂತಿದ್ದಳು. ಅಬ್ಬಾ, ಗೆದ್ದೆ ಅಂದುಕೊಂಡಳು.

ಪಾಪ, ಆ ಗಡಿಬಿಡಿಯಲ್ಲಿ ಒಂದು ವಿಷಯ ಅವಳಿಗೆ ಹೊಳೆಯಲೇ ಇಲ್ಲ. ಮನೆಯಲ್ಲಿ ಪಾಠಪುಸ್ತಕಗಳ ಕರಡು ತಿದ್ದುವಾಗ ಪಕ್ಕದಲ್ಲಿ ಕೂತು ಹಾಳೆ ಜೋಡಿಸಿಕೊಡುವವಳು ಈ ಹುಡುಗಿಯೇ. ಮೊದಲು ಕೆಳಗಿನ ಅಂಕಿ ನೋಡು, ಆಮೇಲೆ ಅಕ್ಷರ ನೋಡು ಎಂದು ನೂರು ಸಲ ಹೇಳಿಕೊಟ್ಟವಳು ತಾನೇ.

"ಚಿಕ್ಕಮ್ಮ, ಹನ್ನೊಂದಾದ ಮೇಲೆ ಹದಿಮೂರಿದೆ."

"ಪ್ರೆಸ್ಸಿನವರು ಬಿಟ್ಟಿರಬೇಕು. ಮುಂದೆ ಓದು."

"ಅವರು ಬಿಟ್ಟಿದ್ರೆ ನೀನು ಮೇಲಿನ ಹಾಳೇಲೇ ಕೆಂಪು ಪೆನ್ನಲ್ಲಿ ಬರೆದಿರ್ತಿದ್ದೆ." ಹುಡುಗಿಯ ಕಾಲು ಕುಣಿಯುವುದನ್ನು ನಿಲ್ಲಿಸಿತ್ತು. "ಆ ಬಾಗಿಲೊಳಗೆ ಅವಳಮ್ಮ ಸತ್ತುಹೋದಳು, ಅಲ್ವಾ?"

ಚಿಕ್ಕಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಂಗೆ ಮೊದಲನೇ ಭಾಗದಲ್ಲೇ ಗೊತ್ತಾಗಿತ್ತು. ಒಳಗೆ ಹೋದೋರು ವಾಪಸ್ ಬರಲ್ಲ ಅಂತ ಅಲ್ಲಿ ಊರವರಿಗೆಲ್ಲ ಮೊದಲೇ ಗೊತ್ತಿರುತ್ತೆ, ಅವಳೊಬ್ಬಳಿಗೆ ಮಾತ್ರ ಯಾರೂ ಹೇಳಿರಲ್ಲ. ಎಲ್ಲರೂ ನಕ್ಕೊಂಡು ಮಾತಾಡಿಸ್ತಾರೆ. ಅವಳಿಗೆ ಕೊನೆಗೆ ಹೇಳೋರು ಯಾರು ಅಂತ ನೋಡೋಕೇ ಎರಡನೇದು ಬೇಕಿತ್ತು ನಂಗೆ."

ಇನ್ನು ಮುಚ್ಚಿಟ್ಟು ಏನು ಬಂತು? ನಾಚಿಕೆಯಿಂದ ಚಿಕ್ಕಮ್ಮನ ಮುಖ ಬಿಸಿಯಾಯಿತು. ಚೀಲದಲ್ಲಿ ಕೈಯಾಡಿಸಿ, ಮುದುರಿದ ಇನ್ನೂರ ಹನ್ನೆರಡನ್ನು ತೆಗೆದು, ತೊಡೆಯ ಮೇಲಿಟ್ಟು ಸುಕ್ಕು ತೀಡಿ ಕೊಟ್ಟಳು.

ಹುಡುಗಿ ಅದನ್ನು ಓದಲಿಲ್ಲ. ಹನ್ನೊಂದಕ್ಕೂ ಹದಿಮೂರಕ್ಕೂ ನಡುವೆ ಸೇರಿಸಿ, ನಾಲ್ಕೂ ಅಂಚು ಸರಿಮಾಡಿ, ಕಟ್ಟನ್ನು ಪಕ್ಕಕ್ಕಿಟ್ಟಳು. ಆಮೇಲೆ ಮತ್ತೆ ಕೈ ಚಾಚಿದಳು.

"ಬೆಳಿಗ್ಗೆ ಮಡಚಿ ಇಟ್ಕೊಂಡೆಯಲ್ಲ ಚಿಕ್ಕಮ್ಮ, ಈಗ ಆ ಹಾಳೆ ಕೊಡು."