ಮೆಡಿಸಿನ್ ರೂಮಿನ ಎ.ಸಿ.

ವಾಲ್ವ್ ಮುಚ್ಚಿ, ಪಂಪು ಆರಿಸಿ ಎಷ್ಟು ಹೊತ್ತು ಕಾದರೂ ಮೀಟರಿನ ಅಂಕಿ ಮೇಲೇರಲಿಲ್ಲ. ಎ.ಸಿ.ಯ ಕೊಳವೆಗಳಲ್ಲಿ ಒಂದಿಷ್ಟೂ ತೇವ ಉಳಿದಿಲ್ಲ, ಇನ್ನು ಗ್ಯಾಸ್ ತುಂಬಿಸಿ ಮನೆಗೆ ಹೊರಡಬಹುದು ಎಂದು ಅದರ ಅರ್ಥ. ಬೇರೆ ದಿನವಾಗಿದ್ದರೆ ದಿಲೀಪ ಶಿಳ್ಳೆ ಹಾಕುತ್ತ ಸಾಮಾನು ಕಟ್ಟುತ್ತಿದ್ದ. ಇವತ್ತು ಆ ಮೀಟರನ್ನು ಹಗೆಯವನನ್ನು ನೋಡುವಂತೆ ನೋಡಿದ. ಅವನ ಹೆಂಡತಿ ಇನ್ನೂ ಬಂದಿರಲಿಲ್ಲ.

ಐರ್ಲೆಂಡಿನ ಅತ್ಲೋನ್ ಊರಂಚಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಆ ನರ್ಸಿಂಗ್ ಹೋಮಿನಲ್ಲಿ ಹೆಂಡತಿ ನಿಸರ್ಗಾಳಿಗೆ ರಾತ್ರಿ ಪಾಳಿಯ ನರ್ಸ್ ಕೆಲಸ. ಎ.ಸಿ., ಫ್ರಿಜ್ ರಿಪೇರಿಯ ಕಂಪನಿಯಲ್ಲಿ ದಿಲೀಪನಿಗೆ ಹಗಲು ಪಾಳಿ. ಸಂಜೆ ಬಾಗಿಲಲ್ಲಿ ಇವನು ಶೂ ಬಿಚ್ಚುವಾಗ ಅವಳು ಶೂ ಹಾಕಿಕೊಳ್ಳುತ್ತಾಳೆ. ಬೆಳಿಗ್ಗೆ ಅದೇ ಬಾಗಿಲು, ಪಾತ್ರಗಳು ಮಾತ್ರ ಅದಲುಬದಲು. ಮಗಳು ತನ್ವಿಯ ಜೊತೆ ಯಾರಾದರೊಬ್ಬರು ಇರಲೇಬೇಕಲ್ಲ, ಅದಕ್ಕೆ ತಾವೇ ಮಾಡಿಕೊಂಡ ಏರ್ಪಾಡು. ಒಂದೇ ಮನೆಯಲ್ಲಿದ್ದುಕೊಂಡು ಹೆಂಡತಿಗಾಗಿ ಹಂಬಲಿಸುತ್ತೇನೆ ಎಂದರೆ ಜನ ನಗುತ್ತಾರೆ. ನಗಲಿ. ಅವಳ ದಿಂಬಿಗೆ ಮುಖವೊತ್ತಿ ಮಲಗುವವನಿಗೆ ಗೊತ್ತು ಅದರ ಸಂಕಟ.

ಹಾಗಾಗಿಯೇ ನರ್ಸಿಂಗ್ ಹೋಮಿನ ಮೆಡಿಸಿನ್ ರೂಮಿನ ಎ.ಸಿ. ಕೆಟ್ಟಿದೆ ಎಂಬ ಸುದ್ದಿ ಬಂದಾಗ ಮೇಲೆ ಬಿದ್ದು ಆ ಕೆಲಸ ಹಿಡಿದಿದ್ದ. ತನ್ವಿ ಇವತ್ತು ಪಕ್ಕದ ಮನೆಯ ಅನಸೂಯಮ್ಮನ ಬಳಿ. ಲೀಕ್ ಮುಚ್ಚುವ ಕೆಲಸವನ್ನು ಮಧ್ಯಾಹ್ನವೇ ಮುಗಿಸಿ, ವ್ಯಾಕ್ಯೂಮ್ ಪಂಪು ಹಚ್ಚುವುದನ್ನು ಬೇಕೆಂದೇ ಸಂಜೆಗೆ ತಳ್ಳಿದ್ದ. ಪಂಪು ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಎಳೆದು ಹಾಕುವಷ್ಟು ಹೊತ್ತು ಮೆಕ್ಯಾನಿಕ್ ಪಕ್ಕದಲ್ಲಿ ಸುಮ್ಮನೆ ಕೂತಿರಬೇಕು, ಅದೇ ಕೆಲಸ. ಅಷ್ಟರಲ್ಲಿ ಅವಳಿಗೆ ಟೀ ಬಿಡುವು ಸಿಗುತ್ತದೆ ಎಂದು ಲೆಕ್ಕ ಹಾಕಿದ್ದ. ವರ್ಷವಿಡೀ ಐರ್ಲೆಂಡಿನ ಗಾಳಿಯಲ್ಲಿ ತುಂಬಿರುವ ಪಸೆ ಇವತ್ತೇ ಎಲ್ಲಿ ಹಾಳಾಗಿ ಹೋಯಿತೋ, ಕೊಳವೆ ಬೇಗನೆ ಒಣಗಿಬಿಟ್ಟಿತ್ತು.

ಬಾಗಿಲು ತೆರೆಯಿತು. ಒಳಗೆ ಇಣುಕಿದವರು ಆ ಪಾಳಿಯ ಮುಖ್ಯ ನರ್ಸ್, ಮಂಗಳೂರಿನ ಬರ್ನಡೆಟ್.

“ಎಂತ ಮಾರಾಯ, ಆಯ್ತಾ ನಿನ್ನದು? ಮದ್ದೆಲ್ಲ ತಂಪು ಬೇಕೆಂದು ಆಚೆ ರೂಮಲ್ಲಿಟ್ಟು, ಒಂದೊಂದು ಮಾತ್ರೆಗೂ ಅಲ್ಲಿಗೆ ಓಡಿ ಓಡಿ ನಮ್ಮ ಕಾಲು ಬಿದ್ದುಹೋಯ್ತು.”

ದಿಲೀಪನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಪಂಪು ಮತ್ತೆ ಗುರ್ ಎಂದಿತು. “ಇನ್ನೂ ಸ್ವಲ್ಪ ತೇವ ಇದೆ ಮೇಡಂ. ಹಂಗೇ ಗ್ಯಾಸ್ ತುಂಬಿದ್ರೆ ಒಳಗೆ ಐಸ್ ಕಟ್ಕೊಳ್ಳುತ್ತೆ, ಮತ್ತೆ ಕೆಡುತ್ತೆ.”

“ಗ್ರ್ಯಾಂಡ್, ಗ್ರ್ಯಾಂಡ್. ಸರಿ ಮಾಡಿಯೇ ಹೋಗು,” ಎಂದು ಇಲ್ಲಿನವರ ಮಾತಿನಲ್ಲೇ ಒಪ್ಪಿ ಅವರು ಹೊರಟುಹೋದರು. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ದಿಲೀಪನಿಗೇ ನಾಚಿಕೆಯಾಯಿತು, ಆದರೆ ಪಂಪನ್ನು ಆರಿಸಲಿಲ್ಲ.

ಕೊನೆಗೂ ನಿಸರ್ಗಾ ಬಂದಳು, ಎರಡು ಕಪ್ ಟೀ ಹಿಡಿದು. ಜೂನ್ ತಿಂಗಳ ಸಂಜೆ, ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಅವಳು ಬಿಸಿಲಿನಲ್ಲಿ ಕೂತದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹೇಳಬೇಕೆಂದು ಕೂಡಿಟ್ಟುಕೊಂಡ ಮಾತುಗಳೆಲ್ಲ ನುಗ್ಗಿ ಬರುತ್ತವೆ ಎಂದುಕೊಂಡಿದ್ದ.

“ನಾಳೆ ಕಸದ ಬಿನ್ ಆಚೆ ಇಡ್ಬೇಕು,” ಎಂದ.

“ಇಟ್ಟೇ ಬಂದೆ. ತನ್ವಿ ಶೂ ಬಿಗಿಯಾಗ್ತಿದೆಯಂತೆ.”

“ಶನಿವಾರ ತರ್ತೀನಿ. ಹಾಲು?”

“ಇದೆ.”

ಅಲ್ಲಿಗೆ ಮುಗಿಯಿತು. ದಿನಾ ಬಾಗಿಲಲ್ಲಿ ಆಡುವ ಮಾತುಗಳೇ. ಇಬ್ಬರೂ ಟೀ ಕುಡಿದರು. ಇಷ್ಟೇನಾ ಉಳಿದಿರುವುದು ಎಂದು ದಿಲೀಪನಿಗೆ ನಿಜಕ್ಕೂ ಭಯವಾಯಿತು.

ನಿಸರ್ಗಾ ಪಂಪನ್ನು ನೋಡಿದಳು, ಅದರ ಪೈಪಿನುದ್ದಕ್ಕೂ ಕಣ್ಣು ಓಡಿಸಿದಳು. “ರೀ, ವಾಲ್ವ್ ಮುಚ್ಚಿದೆಯಲ್ಲಾ. ಮತ್ತೆ ಪಂಪು ಏನನ್ನ ಎಳೀತಿದೆ?”

“ನಿಂಗೆ ಹೆಂಗೆ ಗೊತ್ತು?”

“ಚೆನ್ನಾಗಿದೆ! ಎಂಗೇಜ್‌ಮೆಂಟ್ ಆದ್ಮೇಲೆ ಫೋನಲ್ಲಿ ದಿನಾ ಇದನ್ನೇ ಅಲ್ವಾ ಕೊರೀತಿದ್ದಿದ್ದು? ನಮ್ಮ ಹಾಸ್ಟೆಲ್‌ನಲ್ಲಿ ಬೇರೆ ಹುಡುಗೀರ ಕಿವೀಲಿ ಪ್ರೀತಿ ಮಾತು, ನನ್ನ ಕಿವೀಲಿ ವಾಲ್ವ್ ಮುಚ್ಚು, ಪಂಪ್ ಆರ್ಸು, ಮೀಟರ್ ನೋಡು.”

ದಿಲೀಪನಿಗೆ ನಗು ಬಂತು. “ಕೆಲಸ ಆಗ್ಲೇ ಮುಗೀತು ಕಣೆ. ನೀನು ಬರ್ಲಿ ಅಂತ ಓಡಿಸ್ತಿದ್ದೆ,” ಎಂದು ತಲೆ ತಗ್ಗಿಸಿ ಸ್ವಿಚ್ಚಿನತ್ತ ಕೈ ಚಾಚಿದ. ಒಂದು ಮಾತ್ರೆ ಹೊತ್ತು ಮೀರಿದರೂ ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳುವ ನಿಸರ್ಗಾ ಆ ಕೈಯನ್ನು ಹಿಡಿದುಕೊಂಡಳು.

“ಓಡ್ಲಿ ಬಿಡಿ. ಅವತ್ತು ಹೇಳ್ತಿದ್ದಿದ್ದನ್ನೇ ಇನ್ನೊಂದ್ಸಲ ಹೇಳಿ.”

ಅವನು ಹೇಳಿದ. ಒಳಗಿನ ಒತ್ತಡ ಇಳಿಸುತ್ತ ಹೋದರೆ ಬೆಂಕಿಯಿಲ್ಲದೆಯೂ ನೀರು ಕುದಿಯುವುದನ್ನು, ಆವಿಯಾಗಿ ಹೊರಟುಹೋಗುವುದನ್ನು, ಅವಸರ ಮಾಡಿದರೆ ಕೆಲಸ ಕೆಡುವುದನ್ನು ಹೇಳಿದ. ಎಲ್ಲ ಗೊತ್ತಿದ್ದ ಅವಳು ಹೌದಾ, ಆಮೇಲೆ ಎಂದು ಕೇಳುತ್ತ ಅವನ ಭುಜಕ್ಕೆ ಒರಗಿದಳು. ಪಕ್ಕದಲ್ಲಿ ಟೀ ಆರುತ್ತಿತ್ತು.

ಕಾರಿಡಾರಿನಲ್ಲಿ ಯಾವುದೋ ಅಜ್ಜಿಯ ಕರೆಗಂಟೆ ಹೊಡೆಯಿತು. ನಿಸರ್ಗಾ ಎದ್ದು ಕೂದಲು ಸರಿಮಾಡಿಕೊಂಡಳು. ದಿಲೀಪ ಪಂಪು ಆರಿಸಿ ಗ್ಯಾಸಿನ ಸಿಲಿಂಡರು ಎಳೆದುಕೊಂಡ. ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು.

“ರೀ, ಇಲ್ಲಿನ ಅಡುಗೆಮನೆಯ ದೊಡ್ಡ ಫ್ರಿಜ್ಜೂ ನಿಮ್ಮ ಕಂಪನಿಯವರೇ ನೋಡೋದಾ?”

“ಹೂಂ. ಯಾಕೆ?”

ನಿಸರ್ಗಾ ನಗಲಿಲ್ಲ. “ಅದು ಯಾವಾಗ ಕೆಡುತ್ತೆ?”