ಸಮದನ ಪಾನಾ

“ಸಾಕ್ ಬಿಡೋ ಇಸಾಕ. ಪಾನಾ ಸಮದನ ಕೈಯಾಗ ಕೊಡು,” ಎಂದರು ಉಸ್ತಾದ ಗೈಬುಸಾಬರು.

ಇಸಾಕ ಬೆವರೊರೆಸಿಕೊಂಡು, ನಟ್ಟು ತಿರುವುವ ಪಾನಾ ಕೊಟ್ಟ. ಆ ಕಬ್ಬಿಣ ಅಷ್ಟು ಬಿಸಿಯಾಗಿದ್ದುದು ಬಿಸಿಲಿಗೋ ತನ್ನ ಹೊಟ್ಟೆಕಿಚ್ಚಿಗೋ ಅವನಿಗೇ ತಿಳಿಯಲಿಲ್ಲ.

ಬಬಲೇಶ್ವರದ ಶಿವಯೋಗೆಪ್ಪನವರ ಹಳೆಯ ವಿಲಾಯತಿ ಕಾರು ಸಾರವಾಡ ದಾಟುವಷ್ಟರಲ್ಲಿ ಕುದಿದು ನಿಂತು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ವಿಜಾಪುರದ ಸ್ಟೇಷನ್ ರಸ್ತೆಯ ಗ್ಯಾರೇಜಿಗೆ ಬಂದಿತ್ತು. ನೀರಿನ ಪಂಪು ಹೋಗಿತ್ತು. ಪಂಪಿನ ಮುಂದೆ ಫ್ಯಾನು, ಫ್ಯಾನಿನ ನಡುವೆ ಡಬ್ಬಿಯಂಥ ಕ್ಲಚ್ಚು, ಕ್ಲಚ್ಚಿನ ಹಿಂದೆ ಒಂದು ದೊಡ್ಡ ನಟ್ಟು. ಅದು ಬಿಚ್ಚದೆ ಮುಂದಿನ ಮಾತೇ ಇಲ್ಲ. ಯಾವ ರಾಜಕುಮಾರ ಬಂದರೂ ತುಟಿ ತೆರೆಯದ ಕಥೆಯ ರಾಜಕುಮಾರಿಯ ಹಾಗೆ ನಟ್ಟು ಬೆಳಗಿನಿಂದ ಹಟ ಹಿಡಿದು ಕೂತಿತ್ತು. ಸೀಮೆಎಣ್ಣೆ ಕುಡಿದಿತ್ತು, ಸುತ್ತಿಗೆಯ ಏಟು ತಿಂದಿತ್ತು, ಕೂದಲೆಳೆಯಷ್ಟೂ ಕದಲಿರಲಿಲ್ಲ.

ಉಸ್ತಾದರ ಕಣ್ಣಿಗೆ ಪೊರೆ ಬಂದಿತ್ತು. “ಇದನ್ನ ಬಿಚ್ಚಿದಾಂವ ನಾಳಿಂದ ಗ್ಯಾರೇಜಿನ ಕೀಲಿಕೈ ಇಟಗೊಳ್ಳಲಿ. ನಾ ಮನ್ಯಾಗ ಕುಂತ ತಸಬಿ ಮಣಿ ಎಣಸ್ತೀನಿ,” ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರು. ಇಸಾಕನಿಗೆ ಮೀಸೆ ಮೂಡಿದ್ದೇ ಈ ಗ್ಯಾರೇಜಿನಲ್ಲಿ. ಸಮದ ಮೊನ್ನೆ ಮೊನ್ನೆ ತಿಕೋಟಾದಿಂದ ಬಂದವನು. ಆದರೂ ಗಿರಾಕಿಗಳು ಗಾಡಿ ನಿಲ್ಲಿಸುತ್ತಲೇ ‘ಸಮದ ಅದಾನೇನ್ರಿ? ಅಂವನ ಕೈಗುಣ ಚಲೋ’ ಎನ್ನುತ್ತಿದ್ದರು. ಗಿರಾಕಿಗಳದ್ದು ಹೋಗಲಿ, ಹೊಲಿಗೆ ಯಂತ್ರ ಕೆಟ್ಟಾಗ ಇಸಾಕನ ಹೆಂಡತಿ ಮುನೀರಾ ಕೂಡ ‘ಸಮದಣ್ಣಗ ಒಂದೀಟ ತೋರಸ್ರಿ’ ಅಂದಿದ್ದಳು. ಅವತ್ತು ಇಸಾಕ ಉಂಡಿರಲಿಲ್ಲ.

“ನೀ ಅರ್ಧಾ ಸಡಲ ಮಾಡಿರ್ತಿ ಅಣ್ಣಾ, ನಂದೇನ ಐತಿ ಇದರಾಗ,” ಎಂದ ಸಮದ, ಪಾನಾ ತೊಡಿಸುತ್ತ.

“ನಿನ್ನ ಕೈಗುಣ ಐತೆಲ್ಲಪಾ. ಮುಟ್ಟಿದ್ರ ಉದರತೈತಿ.”

“ಜಗಳ ಆಮ್ಯಾಲ ಮಾಡ್ರೆಪಾ, ಮೊದಲ ಬಿಚ್ರಿ,” ಎಂದು ಶಿವಯೋಗೆಪ್ಪ ಟೋಪಿಯಿಂದ ಗಾಳಿ ಬೀಸಿಕೊಂಡರು.

ಸಮದ ಎಡಕ್ಕೆ ತಿರುವಿದ, ಜೋತುಬಿದ್ದ, ಕಾಲು ಕೊಟ್ಟು ಒದ್ದ. ನಟ್ಟು ಜಗ್ಗಲಿಲ್ಲ. ಇಸಾಕನ ಹೊಟ್ಟೆಕಿಚ್ಚಿಗೆ ತಣ್ಣೀರು ಸುರಿದಂತಾಯಿತು. ಅಷ್ಟರಲ್ಲಿ ಜುಮ್ಮಾ ನಮಾಜಿನ ಬಾಂಗು ಕೇಳಿಸಿತು. ಪಾನಾವನ್ನು ನಟ್ಟಿನ ಮೇಲೆಯೇ ಬಿಟ್ಟು ಸಮದ ಕೈ ತೊಳೆದ. ಉಸ್ತಾದರ ಗ್ಯಾರೇಜಿನಲ್ಲಿ ಅದೊಂದು ಕಟ್ಟಳೆ: ಒಬ್ಬನ ಪಾನಾ ನಟ್ಟಿನ ಮೇಲಿದ್ದರೆ, ಅವನಾಗಿಯೇ ಕೊಡುವವರೆಗೆ ಇನ್ನೊಬ್ಬ ಮುಟ್ಟುವಂತಿಲ್ಲ. ಅದನ್ನು ಮೀರಿದ್ದಕ್ಕೆ ಸ್ವಂತ ಅಕ್ಕನ ಮಗನನ್ನೇ ಉಸ್ತಾದರು ಹೊರಗಟ್ಟಿದ್ದರು.

“ನೀವು ಹೋಗ್ರಿ ಉಸ್ತಾದ. ಅಂಗಡಿ ಕಾಯಾಕ ಒಬ್ಬರು ಬೇಕಲ್ಲ,” ಎಂದ ಇಸಾಕ. ಉಸ್ತಾದರು ಸಮದನ ಹೆಗಲು ಹಿಡಿದು ಮಸೀದಿಯತ್ತ ನಡೆದರು. ಶಿವಯೋಗೆಪ್ಪ ಎದುರಿನ ಹೋಟೆಲಿಗೆ ಚಹಾಕ್ಕೆ ಹೋದರು.

ಬೀದಿ ಖಾಲಿಯಾಯಿತು. ಕಾರು ಬಾಯಿ ತೆರೆದು ನಿಂತಿತ್ತು, ನಟ್ಟಿನಿಂದ ಸಮದನ ಪಾನಾ ತೂಗಾಡುತ್ತಿತ್ತು. ನಮಾಜು ಮುಗಿಯಲು ಬರುವವರೆಗೂ ಇಸಾಕ ಅದನ್ನೇ ನೋಡುತ್ತ ಕೂತ. ಬೆಳಗಿನಿಂದ ಇಷ್ಟು ಏಟು ತಿಂದ ನಟ್ಟು, ಸಮದ ಬಂದು ಇನ್ನೊಂದು ಸಲ ಒತ್ತಿದರೆ ಸೋತುಬಿಟ್ಟೀತು. ಹಾಗಾಗಬಾರದು. ಇನ್ನೊಂದು ಸುತ್ತು ಬಿಗಿದರೆ? ಯಾವ ಕೈಗುಣಕ್ಕೂ ಬಗ್ಗದಂತೆ ಬಿಗಿದರೆ? ಇಸಾಕ ಬೀದಿಯ ಎರಡೂ ತುದಿ ನೋಡಿದ. ಪಾನಾ ಹಿಡಿದು, ಹಲ್ಲು ಕಚ್ಚಿ, ಇದ್ದಬದ್ದ ಸಿಟ್ಟನ್ನೆಲ್ಲ ತೋಳಿಗೆ ತಂದು, ಬಿಗಿಯುವ ಕಡೆಗೆ, ಬಲಕ್ಕೆ, ಎಳೆದ.

ಕಟ್ ಎಂದಿತು. ನಟ್ಟು ಸಡಿಲಾಯಿತು.

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಬೆರಳಿನಿಂದ ತಿರುವಿ ನೋಡಿದ. ಬಲಕ್ಕೆ ಸಡಿಲ, ಎಡಕ್ಕೆ ಬಿಗಿ. ಉಲ್ಟಾ ಥ್ರೆಡ್! ಬಿಚ್ಚುತ್ತೇವೆಂದುಕೊಂಡು ಇಬ್ಬರೂ ಬಿಗಿಯುತ್ತಲೇ ಇದ್ದರು. “ಯಾ ಅಲ್ಲಾ, ಬಿಚ್ಚಿದೆ! ನಾ ಬಿಚ್ಚಿದೆ!” ಎಂಬ ಕೂಗು ಗಂಟಲಿಗೆ ಬಂದು ಅಲ್ಲಿಯೇ ನಿಂತಿತು. ಅದು ಯಾರ ಪಾನಾ? ಯಾಕೆ ಮುಟ್ಟಿದೆ ಎಂದರೆ ಏನು ಹೇಳುವುದು? ಮತ್ತೆ ಬಿಗಿಯಲೆಂದು ಕೈ ಚಾಚುವಷ್ಟರಲ್ಲಿ ಉಸ್ತಾದರ ಕೆಮ್ಮು ಕೇಳಿಸಿತು.

ಸಮದ ಬಂದವನೇ ಬಿಸ್ಮಿಲ್ಲಾ ಎಂದು ಪಾನಾ ಹಿಡಿದ. ಅದು ಹಗುರವಾಗಿ ಅವನ ಕೈಯಲ್ಲಿ ತಿರುಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೆಲ್ಲಗೆ ಆಡಿಸಿದ. ಇಸಾಕ ಬೇರೆ ಕಡೆ ನೋಡುತ್ತಿದ್ದ. ಮುಂದಿನ ಗಳಿಗೆಗೆ ಫ್ಯಾನು, ಕ್ಲಚ್ಚು, ನಟ್ಟು ಎಲ್ಲ ಸಮದನ ಕೈಗೆ ಬಂದವು.

“ಇದಕ್ಕ ಅನ್ನೂದು ನೋಡ್ರಿ ಕೈಗುಣ!” ಚಹಾ ಮುಗಿಸಿ ಬಂದ ಶಿವಯೋಗೆಪ್ಪ ಕುಣಿಯುವುದೊಂದು ಬಾಕಿ. “ಇಡೀ ವಿಜಾಪುರದಾಗ ಇಂಥಾ ಕೈ ಇಲ್ಲ!”

“ಹೆಂಗ ತಿರುವಿದ್ಯೋ?” ಉಸ್ತಾದರು ಥ್ರೆಡ್ಡಿನ ಮೇಲೆ ಬೆರಳಾಡಿಸಿದರು.

“ಬಲಕ್ಕ ರಿ, ಉಸ್ತಾದ.”

“ಉಲ್ಟಾ ಐತಲೋ ಇದು! ನಿನಗ ಹೊಳೀತಲ್ಲ, ಶಾಬಾಸ್!” ಉಸ್ತಾದರು ಸೊಂಟದ ಕೀಲಿಕೈ ತೆಗೆದು ಸಮದನ ಅಂಗಿಯ ಕಿಸೆಗೆ ತಾವೇ ಹಾಕಿದರು. “ಇಸಾಕ, ದೊಡ್ಡಾಂವ ಇದ್ದಿ. ತಮ್ಮನ್ನ ತಬ್ಬಕೊಳ್ಳೋ.”

ಇಸಾಕ ತಬ್ಬಿಕೊಂಡ. ಸಮದನ ಕಿಸೆಯ ಕೀಲಿಕೈ ಅವನ ಎದೆಯ ಎಲುಬಿಗೆ ಒತ್ತಿತು. ಬಿಡಿಸಿಕೊಳ್ಳಲು ನೋಡಿದರೆ ಸಮದ ಬಿಡಲಿಲ್ಲ. ಇನ್ನೂ ಬಿಗಿಯಾಗಿ ಅಪ್ಪಿಕೊಂಡು, ಕಿವಿಯ ಹತ್ತಿರ ಬಾಯಿ ತಂದು ಹೇಳಿದ:

“ನನ್ನ ಸಲುವಾಗಿ ನೀನ ಬಿಚ್ಚಿಟ್ಟಿ ಅಂತ ಗೊತ್ತೈತಿ ಅಣ್ಣಾ. ಅಂಜಬ್ಯಾಡ, ಯಾರ ಮುಂದೂ ಹೇಳಂಗಿಲ್ಲ.”